ಎರಡು ಸರ್‌ನೇಮ್ ಇಲ್ಲದವಳು

ಸ್ಪೇನಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೀಟು ಸಿಕ್ಕಿತ್ತು. ಕೊಲ್ಲಿ ದೇಶದ ಅಲ್ ಸದ್ದ್ ಬಡಾವಣೆಯ ನನ್ನ ಫ್ಲ್ಯಾಟಿನಿಂದ ವಿಡಿಯೋ ಕಾಲ್‌ನಲ್ಲಿ ನೋಂದಣಿ. ಆಫೀಸಿನಾಕೆ ಕೇಳಿದಳು, "ನಿಮ್ಮ ಎರಡು ಸರ್‌ನೇಮ್? ಇಲ್ಲಿ ಎಲ್ಲರಿಗೂ ತಂದೆಯದೊಂದು, ತಾಯಿಯದೊಂದು."

"ಒಂದೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಬರೀ ಸುಮತಿ."

"ತಂದೆಯ ಸರ್‌ನೇಮ್?"

"ಅವರಿಗೂ ಇಲ್ಲ, ಅಮ್ಮನಿಗೂ ಇಲ್ಲ."

"ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ," ಎಂದಳು, ನಗುತ್ತಲೇ. ಅರ್ಧ ಗಂಟೆ ಇದೇ ಮಾತು. ನನ್ನ ತಲೆ ಚಿಟ್ಟು ಹಿಡಿಯಿತು.

ಚಹಾಕ್ಕೆ ಬಂದಿದ್ದ ಪಕ್ಕದ ಫ್ಲ್ಯಾಟಿನ ಜೊಹರಾಗೂ ಸಾಕಾಯಿತು. "ಅಕ್ಕಾ, ಏನಾದರೂ ಒಂದು ಹೇಳಿ ಖಲಾಸ್ ಮಾಡಿ ಮಾರಾಯ್ರೆ!"

ನನ್ನ ಊರನ್ನೂ ಈಗಿರುವ ಬಡಾವಣೆಯನ್ನೂ ಹೇಳಿದೆ: ತಂದೆಯದು ಪುತ್ತೂರು, ತಾಯಿಯದು ಅಲ್ ಸದ್ದ್.

ಆಫೀಸಿನಾಕೆಯ ಮುಖ ಅರಳಿತು. "ಕೊಟ್ಟ ಮಾಹಿತಿಯೆಲ್ಲ ಸತ್ಯ ಅಂತ ಪರದೆಯ ಮೇಲೆ ಇಲ್ಲೊಂದು ಸಹಿ ಹಾಕಿ."

ಕಾನೂನಿನ ಮೊದಲ ಪಾಠಕ್ಕೂ ಮುಂಚೆ ಸುಳ್ಳು ಪ್ರಮಾಣಕ್ಕೆ ಸಹಿ ಹಾಕಿದೆ. ಕಂಪ್ಯೂಟರ್ ಮಾತ್ರ ತಕ್ಷಣ ಮುಂದೆ ಹೋಯಿತು.