ಅಣ್ಣ ಸಕ್ಕರೆ ಬಿಟ್ಟಿದ್ದು

ಅಣ್ಣ ತಾನು ಸಕ್ಕರೆ ಬಿಟ್ಟದ್ದನ್ನು ಊರೆಲ್ಲ ಡಂಗುರ ಸಾರಿದ್ದ. ಮೂಡಲಗಿ ಹತ್ತಿರದ ನಮ್ಮ ತವರಿನ ಹಳ್ಳಿಯಲ್ಲಿ ಅವನ ಗಟ್ಟಿ ಮನಸ್ಸನ್ನು ಹೊಗಳದವರಿರಲಿಲ್ಲ. ಕಳೆದ ವರ್ಷ ರಜೆಗೆ ಹೋದಾಗ ಅವ್ವ ಅವನ ಮುಂದಿಟ್ಟ ಚಹಾದ ಬಣ್ಣ ನೋಡಿ ನನಗೆ ಅನುಮಾನ ಬಂತು. ಒಂದು ಗುಟುಕು ಕುಡಿದು ನೋಡಿದೆ. ಬೆಲ್ಲ, ಅದೂ ಪಾಯಸಕ್ಕೆ ಹಾಕುವಷ್ಟು.

"ಇದೇನಣ್ಣಾ?" ಎಂದೆ.

"ಡಾಕ್ಟರ್ ಸಕ್ರಿ ಬಿಡು ಅಂದ್ರು, ಬಿಟ್ಟೇನಿ. ಇದು ನಮ್ಮ ಗಾಣದ ಬೆಲ್ಲ. ಇದ್ರಾಗ ಏನೂ ಔಷಧ ಹಾಕೂದಿಲ್ಲ."

ತಲೆ ಚಚ್ಚಿಕೊಳ್ಳಬೇಕೆನಿಸಿತು. ನಾನು ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಆನುವಂಶಿಕತೆಯ ಪಾಠದಲ್ಲಿ ತಂದೆಯಿಂದ ಒಂದು ಜೀನು, ತಾಯಿಯಿಂದ ಒಂದು ಜೀನು ಎಂದು ಬೋರ್ಡಿನ ಮೇಲೆ ಚೌಕ ಬರೆದು ಬರೆದು ಕೈ ಸವೆದಿದೆ. ಅಪ್ಪ ಇದೇ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಕೆಟ್ಟು ತೀರಿಕೊಂಡ. ಅಣ್ಣನೂ ಅದೇ ದಾರಿ ಹಿಡಿಯುತ್ತಾನೆಂಬ ಹೆದರಿಕೆ ನನಗೆ. ಅವನಿಗೆ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಅವ್ವನದು ಇನ್ನೊಂದು ವರಸೆ. "ಅದು ನಿಮ್ಮಪ್ಪನ ರಕ್ತದಾಗ ಬಂದದ್ದವಾ. ಮೂಗು ಬಂದಂಗ, ಬಣ್ಣ ಬಂದಂಗ. ಅದಕ್ಕ ಯಾರೇನ ಮಾಡಾಕ ಆಕೈತಿ?" ಮಗ ಬೆಲ್ಲ ತಿಂದರೆ ರೋಗವೇ ಇಲ್ಲ ಅನ್ನುತ್ತಾನೆ, ತಾಯಿ ಏನು ತಿಂದರೂ ಅಷ್ಟೇ ಅನ್ನುತ್ತಾಳೆ. ಇವರಿಬ್ಬರ ನಡುವೆ ನಾನು ಬಾಯಿ ನೋಯಿಸಿಕೊಂಡದ್ದೇ ಬಂತು. ಅದಕ್ಕಿಂತ ಸಿಟ್ಟು ತರಿಸಿದ್ದೆಂದರೆ, ಅವ್ವನ ಮಾತು ಒಳಗೊಳಗೇ ನನಗೂ ಸರಿ ಅನ್ನಿಸುತ್ತಿತ್ತು.

ಜಗಳವಾಡಿ ಅಣ್ಣನನ್ನು ಗೋಕಾಕಿಗೆ ಎಳೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು ರಕ್ತದ ರಿಪೋರ್ಟು ನೋಡಿ, ನಾನು ಹೇಳಿದ ಅಪ್ಪನ ಕಥೆ ಕೇಳಿ, "ನಿಮ್ಮ ಅಜ್ಜಗ ಸಕ್ರಿ ಬ್ಯಾನಿ ಇತ್ತೇನ್ರಿ?" ಎಂದು ಕೇಳಿದರು.

"ಇಲ್ರಿ. ಕಡೀಮಟಾ ಗಟ್ಟಿ ಇದ್ದ."

"ಏನ ಮಾಡತಿದ್ರು?"

"ಕುರಿ ಕಾಯತಿದ್ದರಿ. ದೂರದ ದಡ್ಡಿ ಊರತನಕ ನಡಕೋತ ಹೋಗತಿದ್ದ."

"ನೀವು ಹೊಲಕ್ಕ ಹೆಂಗ ಹೋಗತೀರಿ?"

"ಗಾಡಿ ಮ್ಯಾಲರಿ."

"ಎಷ್ಟ ದೂರ?"

ಅಣ್ಣ ನನ್ನ ಮುಖ ನೋಡಿದ. "ಮನಿ ಹಿಂದ ಐತ್ರಿ."

ಡಾಕ್ಟರು ನಗಲಿಲ್ಲ. "ಅಜ್ಜನ ರಕ್ತನ ನಿಮಗೂ ಬಂದೈತಿ. ಅವರ ಮೈಯಾಗ ಈ ಬ್ಯಾನಿ ಮಲಗಿರಬೇಕು, ನೀವು ಕುಂತಲ್ಲೆ ಕುಂತು ಎಬ್ಬಿಸೀರಿ. ಬೆಲ್ಲ ಅನ್ರಿ, ಸಕ್ರಿ ಅನ್ರಿ, ಹೊಟ್ಟಿಯೊಳಗ ಎರಡೂ ಒಂದ."

ಪಕ್ಕದಲ್ಲಿ ಕೂತಿದ್ದ ನನಗೆ ನಾಚಿಕೆಯಾಯಿತು. ನಾನು ಬರೆಯುವ ಚೌಕಗಳಲ್ಲಿ ಅಜ್ಜನ ನಡಿಗೆಗೆ ಜಾಗವೇ ಇರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಅರ್ಧ ಪಾಠ ಹೇಳಿದ್ದೆ.

ಅಣ್ಣ ಎಲ್ಲದಕ್ಕೂ ಹೂಂಗುಟ್ಟಿದ. ನಾನು ಅಂಗಡಿಯಲ್ಲಿ ಅವನ ಗುಳಿಗೆ ತೆಗೆದುಕೊಂಡು ಬರುವಷ್ಟರಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ನಿಂತಿದ್ದ.

"ಗೋಕಾಕಿಗೆ ಬಂದು ಬರಿಗೈಲೆ ಹೋಗಾಕ ಆಕೈತೇನ? ಅಂಟು, ಉತ್ತತ್ತಿ, ಕೊಬ್ಬರಿ. ಮೈಗೆ ಶಕ್ತಿ."

ಮೂಡಲಗಿ ಬರುವತನಕ ಬಸ್ಸಿನಲ್ಲಿ ಅವನ ಜೊತೆ ಮಾತಾಡಲಿಲ್ಲ. ಅವನು ಕಿಟಕಿ ಪಕ್ಕ ಕೂತು ಎರಡು ತುಂಡು ತಿಂದ.

ಆಮೇಲೆ ಹುಕ್ಕೇರಿಯಿಂದ ದಿನಾ ಫೋನು ಮಾಡತೊಡಗಿದೆ. ಗುಳಿಗೆ ನುಂಗಿದೆಯಾ, ನಡೆದೆಯಾ ಎಂದು ಕೇಳಿದರೆ, "ದಿನಾ ಕಾಲುವಿತನಕ ಹೋಗಿ ಬರತೇನಿ" ಅನ್ನುತ್ತಿದ್ದ. ಬೈಕಿನ ಮೇಲೆ ಹೋಗಿ, ಕಾಲುವೆ ಕಟ್ಟೆಯ ಮೇಲೆ ಗೆಳೆಯರ ಜೊತೆ ಹರಟೆ ಹೊಡೆದು, ಬೈಕಿನ ಮೇಲೇ ಬರುತ್ತಾನೆಂದು ಅವ್ವ ಹೇಳಿದ ಮೇಲೆ ಫೋನು ಮಾಡುವುದನ್ನು ಬಿಟ್ಟೆ. ಅಷ್ಟು ರೋಸಿಹೋಗಿತ್ತು.

ಹೋದ ತಿಂಗಳು ತವರಿಗೆ ಹೋಗಿದ್ದೆ. ಅಣ್ಣ ಹೊಲದಿಂದ ಬಂದು, ಹೊರಗೆ ಚಪ್ಪಲಿ ಬಿಟ್ಟು, ಪಡಸಾಲೆ ದಾಟಿ ಒಳಗೆ ಬಂದ. ಅವನ ಹಿಂದೆ ಹಾಸುಗಲ್ಲಿನ ಮೇಲೆ ರಕ್ತದ ಹೆಜ್ಜೆಗಳಿದ್ದವು. ಕೂರಿಸಿ ಕಾಲು ತೊಡೆಯ ಮೇಲಿಟ್ಟುಕೊಂಡೆ. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದಿತ್ತು. ಸುತ್ತ ಕೀವು ಕಟ್ಟಿತ್ತು, ಅಂದರೆ ಇವತ್ತಿನದಲ್ಲ.

ಪಿನ್ನಿನಿಂದ ಕೆದಕಿದೆ. ಅಣ್ಣ ಕಬ್ಬು ಕಡಿಯುವ ಗ್ಯಾಂಗು ಇನ್ನೂ ಬಂದಿಲ್ಲವೆಂದು ಹೇಳುತ್ತಲೇ ಇದ್ದ. ಮುಳ್ಳು ಈಚೆ ಬಂತು. ಅವನ ಮಾತು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, "ಭಾಳ ಒಳಗ ಐತೇನ? ಲಗೂನ ತಗಿ" ಎಂದ.

"ಆಗಳೇ ತಗದೇನಣ್ಣಾ."

ಬಗ್ಗಿ ನನ್ನ ಅಂಗೈಯಲ್ಲಿದ್ದ ಮುಳ್ಳು ನೋಡಿದ. ಆಮೇಲೆ ತನ್ನ ಕಾಲು ನೋಡಿಕೊಂಡ. ಕೊನೆಗೆ ಇನ್ನೊಂದು ಕಾಲು ಚಾಚಿ, "ಈ ಕಾಲಿಗೆ ಪಿನ್ನ ಚುಚ್ಚಿ ನೋಡವಾ" ಎಂದು ಕಣ್ಣು ಮುಚ್ಚಿಕೊಂಡ.

ಪಿನ್ನಿನ ತುದಿಯನ್ನು ಹಿಮ್ಮಡಿಗೆ ಒತ್ತಿದೆ. ಇನ್ನೂ ಸ್ವಲ್ಪ ಜೋರಾಗಿ ಒತ್ತಿದೆ. ಅಣ್ಣ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದ.

"ಚುಚ್ಚವಾ," ಎಂದ, "ಯಾಕ ಅಂಜತಿ?"