ಸಾಲಿ ಸುದ್ದಿ ಕೇಳುತ್ತಿದ್ದ ತಾಯಿ

ಸೊಲ್ಲಾಪುರದ ಹೆಣ್ಣುಮಕ್ಕಳ ಕನ್ನಡ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು, ಅಕ್ಕಲಕೋಟೆಯ ತವರುಮನೆಗೆ ಹಿಂದಿರುಗಿದವಳು ನಾನು. ಸೋದರಮಾವ ಹಟ ಹಿಡಿದು ಓದಿಸಿದರು, ಟ್ರೇನಿಂಗ್ ಮಾಡಿಸಿದರು, ಕೆಲಸ ಸಿಕ್ಕಾಗ ತಾವೇ ಟಾಂಗಾದಲ್ಲಿ ಕೂಡಿಸಿಕೊಂಡು ಬಂದು ಶಾಲೆಯ ಬಾಗಿಲಿಗೆ ಬಿಟ್ಟು ಹೋದರು.

ನಮ್ಮ ಮುಖ್ಯ ಶಿಕ್ಷಕಿ ಹೆಡ್‌ಬಾಯಿಯವರು ಒಂದು ಪದ್ಧತಿ ಇಟ್ಟಿದ್ದರು. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಊಟವಾದ ಮೇಲೆ ಶಿಕ್ಷಕಿಯರು ಪೇಟೆಯ ಮನೆಮನೆಗೆ ಹೋಗಿ, ಆ ವಾರ ತರಗತಿಯಲ್ಲಿ ಏನೇನು ನಡೆಯಿತು, ಹುಡುಗಿ ಏನು ಕಲಿತಳು ಎಂದು ಹೇಳಿ ಬರಬೇಕು. ಬರೆದು ಕಳಿಸಿದರೆ ಓದುವ ತಾಯಂದಿರಿಲ್ಲ, ಕರೆದರೆ ಶಾಲೆಯತನಕ ಬರುವವರೂ ಅಲ್ಲ. "ಸಾಲ್ಯಾಗ ನಾವು ಹುಡುಗ್ಯಾರನ್ನ ಏನ್ ಮಾಡ್ತೀವಿ ಅಂಬೂದು ಮನಿಯವ್ರಿಗೆ ತಿಳೀಬೇಕು. ತಿಳೀಲಿಲ್ಲಂದ್ರ ಕಳಸೂದಿಲ್ಲ" ಎಂದು ಅವರು ಹೇಳುತ್ತಿದ್ದರು. ನಾನು ಅದನ್ನು ನಂಬಿದ್ದೆ.

ಬಹಳಷ್ಟು ಮನೆಗಳಲ್ಲಿ ನನ್ನ ಮಾತನ್ನು ಬಾಗಿಲಿಗೆ ಬಂದ ಕಾಯಿಪಲ್ಲೆಯವಳ ಮಾತಿನಂತೆ ಕೇಳುತ್ತಿದ್ದರು. ಒಳಗಿನಿಂದಲೇ "ಹೌದೇನ್ರಿ, ಚಲೋ ಆತು" ಎಂದರೆ ಮುಗಿಯಿತು. ಹಾಗಲ್ಲದ ಮನೆಯೊಂದಿತ್ತು. ಜೋಳ, ಶೇಂಗಾದ ಅಡತಿ ದಲಾಲಿ ವ್ಯಾಪಾರದವರದು. ಮುಂದೆ ಅಂಗಡಿ, ಹಿಂದೆ ವಾಸದ ವಾಡೆ. ಆ ಮನೆಯ ಸೊಸೆಗೆ ನನಗಿಂತ ನಾಲ್ಕಾರು ವರ್ಷ ವಯಸ್ಸು ಹೆಚ್ಚಿದ್ದೀತು. ಮೂವರು ಹೆಣ್ಣುಮಕ್ಕಳ ತಾಯಿ. ಗಂಡುಮಗು ಆಗಿರಲಿಲ್ಲ. ಆಕೆಗೆ ಅಕ್ಷರ ಬರುತ್ತಿರಲಿಲ್ಲ.

ಮೊದಲ ಸಲ ಹೋದಾಗ ಆಕೆ ಹಿಟ್ಟು ಮೆತ್ತಿದ ಕೈಯಲ್ಲೇ ಪಡಸಾಲೆಗೆ ಬಂದಳು. ನಾನು ಹಿರಿಯ ಮಗಳ ಲೆಕ್ಕ, ಬರಹ ಎಂದು ಶುರು ಮಾಡಿದರೆ ನಡುವೆಯೇ ತಡೆದಳು.

"ಅದು ಇರಲ್ರಿ ಅಕ್ಕೋರ. ನಮ್ಮಾಕಿ ಎಲ್ಲಿ ಕುಂದರ್ತಾಳ? ಕಿಡಕಿ ಹತ್ರನ? ಯಾರ ಕೂಡ ನಗತಾಳ? ನೀವು ಹಾಡು ಹೇಳಿಕೊಡೂ ಮುಂದ ಎಲ್ಲಾರೂ ಕೂಡೇ ಹಾಡ್ತಾರೋ, ಒಬ್ಬೊಬ್ರೋ?"

ಹಾಗೆ ಕೇಳಿದವರು ಇನ್ನೊಬ್ಬರಿರಲಿಲ್ಲ. ನಾನು ಹೇಳುತ್ತ ಹೋದೆ. ಗುಬ್ಬಿಯೊಂದು ಒಳಗೆ ಬಂದು ನಕಾಶೆಯ ಮೇಲೆ ಕೂತದ್ದು, ಭೀಮಾ ನದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ನಡುವಿನ ಮಗಳು ಎದ್ದು ನಿಂತು "ನಮ್ಮ ಅಜ್ಜಿ ಊರಿಗ್ರಿ" ಎಂದದ್ದು. ಆಕೆಯ ತವರು ಹೊಳೆಯ ಕಡೆಯ ಕರಜಗಿ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನಿಂದ ಶನಿವಾರ ನಾನು ಎಲ್ಲ ಮನೆ ಮುಗಿಸಿ ಕೊನೆಗೆ ಅಲ್ಲಿಗೆ ಹೋಗುತ್ತಿದ್ದೆ. ಹೆಚ್ಚು ಹೊತ್ತು ಕೂಡಬಹುದೆಂದು.

ಅತ್ತೆ ಕಂಬಕ್ಕೆ ಒರಗಿ ಅಡಕೆ ಕತ್ತರಿಸುತ್ತ ಎಲ್ಲವನ್ನೂ ಕೇಳುತ್ತಿದ್ದರು. ಒಂದು ಶನಿವಾರ ನಾನು ಹಿರಿಯ ಹುಡುಗಿ ಎಷ್ಟು ಸ್ವಚ್ಛವಾಗಿ ಓದುತ್ತಾಳೆ, ಹಳೆಯ ಪುರಾಣದ ಪದ್ಯವನ್ನೂ ತಡವರಿಸದೆ ಬಿಡಿಸುತ್ತಾಳೆ ಎಂದು ಸಂತೋಷದಿಂದ ಹೇಳಿದೆ. ಅತ್ತೆ ಅಡಕೊತ್ತು ಕೆಳಗಿಟ್ಟರು.

"ಪುರಾಣ ಓದಾಕ ಬಂತಾ? ಮತ್ತ ಇನ್ನೇನ ಬೇಕ್ರಿ ಹೆಣ್ಣ ಹುಡುಗಿಗೆ? ಕಲ್ತದ್ದು ರಗಡ ಆತು."

ಸೋಮವಾರ ಹುಡುಗಿ ಬರಲಿಲ್ಲ. ಆ ವರ್ಷ ಎಳೆಯ ಹುಡುಗಿಯರ ಲಗ್ನ ಮಾಡಬಾರದೆಂದು ಬ್ರಿಟಿಷ್ ಸರ್ಕಾರದ ಕಾಯ್ದೆ ಬಂದಿತ್ತು. ಅಕ್ಕಲಕೋಟೆ ಸಂಸ್ಥಾನದ ಊರು, ಸರ್ಕಾರದ ಕಾಯ್ದೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಪೇಟೆಯವರು ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಅಕ್ಷತೆ ಹಾಕಿಸಿಕೊಂಡು ಬರುತ್ತಿದ್ದರು. ಈ ಹುಡುಗಿಯ ಲಗ್ನವೂ ಹಾಗೇ ಆಯಿತು, ನನ್ನ ತವರಿನ ಓಣಿಗೆ ಎರಡು ಓಣಿ ಆಚೆ. ಅದನ್ನು ನನಗೆ ಹೇಳಿದವಳು ನನ್ನ ತಾಯಿ.

ನಡುವಿನ ಮಗಳ ವಿಷಯದಲ್ಲಿ ನಾನು ಎಚ್ಚರ ವಹಿಸಿದೆ. ಹೊಗಳಲಿಲ್ಲ. ಇನ್ನೂ ಕಲಿಯುವುದು ಬಹಳ ಇದೆ, ಭಾಗಾಕಾರ ತಪ್ಪುತ್ತಾಳೆ, ಇನ್ನೆರಡು ವರ್ಷವಾದರೂ ಬೇಕು ಎಂದೆ. ಅಂದು ಹುಡುಗಿಯ ತಂದೆ ಅಂಗಡಿಯಿಂದ ತಡವಾಗಿ ಊಟಕ್ಕೆಂದು ಒಳಗೆ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಸಿಡುಕಿನ ಮನುಷ್ಯರಲ್ಲ. ಮೆತ್ತಗೇ ಕೇಳಿದರು.

"ಇಷ್ಟ ದಿನಾ ಹೋಗಿನೂ ಬಂದಿಲ್ಲ ಅಂದ್ರ, ಆಕಿ ತಲಿಗೆ ಹತ್ತೂದಿಲ್ಲಲ್ರಿ ಬಾಯಾರ. ಸುಮ್ನ ಯಾಕ ನಿಮಗೂ ತ್ರಾಸ?"

"ಹಂಗಲ್ರಿ, ಹುಡುಗಿ ಶಾಣ್ಯಾ ಇದ್ದಾಳ್ರಿ" ಎಂದು ನಾನು ಅವಸರದಿಂದ ತಿದ್ದಿಕೊಳ್ಳಲು ಹೋದೆ. ಈಗಷ್ಟೇ ಬರುವುದಿಲ್ಲ ಎಂದವಳು ನಾನೇ. ಅವರು ನಕ್ಕು ಊಟಕ್ಕೆ ಕೂತರು. ಸೊಸೆ ಅವರ ತಾಟಿಗೆ ಬಡಿಸುತ್ತ ನನ್ನ ಕಡೆ ನೋಡಲೇ ಇಲ್ಲ. ನಡುವಿನವಳ ಶಾಲೆಯೂ ಅಲ್ಲಿಗೆ ಮುಗಿಯಿತು.

ಮುಂದಿನ ಶನಿವಾರ ನಾನು ಹೋದಾಗ ಅತ್ತೆ ಮಠಕ್ಕೆ ಹೋಗಿದ್ದರು. ಸೊಸೆ ನನ್ನನ್ನು ಪಡಸಾಲೆಯಲ್ಲಿ ಕೂಡಿಸಲಿಲ್ಲ. ಹಿತ್ತಲ ಬಾಗಿಲಿನ ಹತ್ತಿರ ಕರೆದುಕೊಂಡು ಹೋದಳು.

"ಅಕ್ಕೋರ, ಇನ್ನ ನೀವು ನಮ್ಮ ಮನಿಗೆ ಬರಬ್ಯಾಡ್ರಿ."

ನನಗೆ ಸಿಟ್ಟಾಗಿದ್ದಾಳೆ ಅನ್ನಿಸಿತು. ಏನು ತಪ್ಪಾಯಿತೆಂದು ಕೇಳಿದೆ.

"ತಪ್ಪು ನಿಮ್ದಲ್ರಿ. ನೀವು ಬಂದಾಗೆಲ್ಲ ಹುಡುಗಿ ಸಾಲಿಗೆ ಹೋಗ್ತಾಳಂತ ಇವ್ರಿಗೆ ನೆನಪಾಗ್ತೈತಿ. ನೀವು ಬರಲಿಲ್ಲಂದ್ರ ಮರತಾರು. ಸಣ್ಣಾಕಿ ಸುಮ್ನ ಹೋಗಿ ಸುಮ್ನ ಬರ್ತಾಳ. ಒಬ್ಬಾಕಿಯಾರ ಕಲೀಲಿ."

"ಮತ್ತ ನಿಮಗ ಸುದ್ದಿ?" ಎಂದೆ.

ಆಕೆ ಒಳಗೆ ಹೋಗಿ ಶೇಂಗಾ ಚಟ್ನಿಯ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟಳು.

ನಾನು ಹೋಗುವುದನ್ನು ಬಿಟ್ಟೆ. ಹೆಡ್‌ಬಾಯಿ ಕೇಳಿದರೆ ಏನೋ ನೆಪ ಹೇಳುತ್ತಿದ್ದೆ. ಚಿಕ್ಕವಳು ಮೂವರಲ್ಲಿ ಎಲ್ಲರಿಗಿಂತ ಚುರುಕು. ಹಾಡಿನ ಸಾಲು ಒಮ್ಮೆ ಕೇಳಿದರೆ ಸಾಕು. ಆದರೆ ಗಟ್ಟಿಯಾಗಿ ಹೇಳುತ್ತಿರಲಿಲ್ಲ, ತುಟಿಯಲ್ಲೇ ಅಂದುಕೊಳ್ಳುವಳು. ಒಮ್ಮೆ ಯಾಕೆಂದು ಕೇಳಿದೆ.

"ಮನ್ಯಾಗ ಪಾಠ ಅನಬಾರ್ದಂತ ಅವ್ವ ಹೇಳ್ಯಾಳ್ರಿ. ಅದ ರೂಢಿ ಆಗೇತಿ."

ಅಂದರೆ ತಾಯಿಗೆ ಮಗಳ ಬಾಯಿಂದಲೂ ಸುದ್ದಿ ಇಲ್ಲ. ಆ ಮನೆಯ ಮುಂದೆ ಹಾದು ಹೋಗುವಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅಂಗಡಿಯಲ್ಲಿ ಹಮಾಲರು ಚೀಲ ಇಳಿಸುತ್ತಿರುತ್ತಿದ್ದರು. ಒಳಗಿನ ಬಾಗಿಲು ಕಾಣುತ್ತಿರಲಿಲ್ಲ. ಇವತ್ತು ನಿನ್ನ ಮಗಳು ಇಡೀ ತರಗತಿಯನ್ನು ನಗಿಸಿದಳು ಎಂದು ಕೂಗಿ ಹೇಳಬೇಕೆನ್ನಿಸುತ್ತಿತ್ತು. ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದೆ.

ಹೀಗೆ ಎರಡು ವರ್ಷ ಸಾಗಿತು. ಆಮೇಲೆ ಒಂದು ಶ್ರಾವಣದಲ್ಲಿ ಚಿಕ್ಕವಳು ಬರುವುದು ನಿಂತಿತು. ಪಕ್ಕದ ಮನೆಯ ಹುಡುಗಿಯನ್ನು ಕೇಳಿದೆ. "ಅವರವ್ವ ಹಡದಾಳ್ರಿ, ಗಂಡ ಕೂಸು" ಎಂದಳು. ಬಾಣಂತನ ಮುಗಿದರೆ ಬಂದಾಳು ಎಂದುಕೊಂಡೆ. ಮೇಲಾಗಿ ತಾಯಿಯೇ ಬರಬೇಡ ಎಂದಿದ್ದಳು, ನಾನು ಒಪ್ಪಿದ್ದೆ. ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ ನೋಡೋಣ ಎಂದು ಸುಮ್ಮನಿದ್ದೆ. ಒಂದು ಮುಂಜಾನೆ ಹಾಜರಿ ಕರೆಯುವಾಗ ಅದೇ ಪಕ್ಕದ ಮನೆಯ ಹುಡುಗಿ, ನಾನು ಕೇಳದೆಯೇ ಹೇಳಿದಳು: "ಅವರವ್ವ ಸತ್ತು ಭಾಳ ದಿನಾ ಆತ್ರಿ ಅಕ್ಕೋರ."

ಆ ದಿನ ನಾನು ಹೇಗೆ ಪಾಠ ಮಾಡಿದೆನೋ ಗೊತ್ತಿಲ್ಲ. ಸಂಜೆ ಪಾಳಿ ಬಿಡುವ ಗಿರಣಿಯ ಭೋಂಗಾ ಕೂಗಿ, ಮಕ್ಕಳು ಹೋದ ಮೇಲೆ ನೇರವಾಗಿ ಆ ಮನೆಗೆ ಹೋದೆ.

ಅತ್ತೆ ಅದೇ ಕಂಬದ ಹತ್ತಿರ ಕೂತಿದ್ದರು. ನನ್ನನ್ನು ನೋಡಿದೊಡನೆ ಅತ್ತರು. ಅವರ ಮೇಲೆ ಸಿಟ್ಟು ಮಾಡಬೇಕೆಂದು ಹೋದವಳು ನಾನು, ಅವರ ಅಳುವಿನ ಮುಂದೆ ಸಿಟ್ಟು ನಿಲ್ಲಲಿಲ್ಲ.

"ಕೂಸನ್ನ ಕೊಟ್ಟು ಹೋದ್ಲು ನೋಡ್ರಿ ನಮ್ಮವ್ವ" ಎಂದರು. ಆಮೇಲೆ ತಾವಾಗಿಯೇ ಹೇಳಿದರು. "ಜ್ವರದಾಗ ನಿಮ್ಮನ್ನ ಕೇಳಾಕತ್ತಿದ್ಲು. ಅಕ್ಕೋರ್ನ ಕರಸ್ರಿ, ಸಾಲ್ಯಾಗ ಏನ್ ನಡದೈತಿ ಹೇಳಲಿ, ಅಂತಿದ್ಲು. ಒಂದ ಸಲ ಅಲ್ಲ. ನಾಲಿಗಿ ಹೊರಳೂತನಾ ಅದ ಅಂದ್ಲು."

"ಯಾಕ್ರೀ ಹೇಳಿ ಕಳಸಲಿಲ್ಲ?"

ಅವರು ಕಣ್ಣು ಒರೆಸಿಕೊಂಡು ನನ್ನ ಬರಿಹಣೆಯನ್ನೂ ಬರಿಗೈಯನ್ನೂ ನೋಡಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. "ಬಾಣಂತಿ ಕೋಲ್ಯಾಗ ನಿಮ್ಮಂಥವರನ್ನ ಹ್ಯಾಂಗ ಕರ್ಯೂದ್ರಿ? ನೀವ ಹೇಳ್ರಿ."

ಹೊಸ ಮಗುವಿನ ಕೋಣೆಗೆ ವಿಧವೆ ಕಾಲಿಡಬಾರದೆನ್ನುವುದು ನನ್ನ ತವರಿನಲ್ಲೂ ಇದ್ದ ಮಾತೇ. ನನ್ನ ತಂಗಿಯ ಬಾಣಂತನದಲ್ಲಿ ನಾನೂ ಹೊರಗೇ ನಿಂತವಳು.

ಆಗ ಚಿಕ್ಕವಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಕೂಸಿನ ಭಾರಕ್ಕೆ ಒಂದು ಕಡೆ ವಾಲಿದ್ದಳು. ಅರ್ಧ ದಿನವಾದರೂ ಕಳಿಸಿರೆಂದು ನಾನು ಬೇಡಿಕೊಂಡೆ. "ಇದನ್ನ ಯಾರು ಹಿಡೀಬೇಕ್ರಿ?" ಎಂದರು ಅತ್ತೆ. ನಡುವಿನವಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಅಂಗಡಿಗೆ ಹೋಗಿ ತಂದೆಯನ್ನೂ ಕಂಡೆ. ಗಾದಿಯಿಂದ ಎದ್ದು ನಿಂತು ಮರ್ಯಾದೆ ಕೊಟ್ಟರು. "ನೋಡೂನ್ರಿ ಬಾಯಾರ" ಎಂದರು. ನೋಡಲಿಲ್ಲ. ತಿಂಗಳು ಕಳೆದ ಮೇಲೆ ಹೆಡ್‌ಬಾಯಿ ಹಾಜರಿಯಿಂದ ಅವಳ ಹೆಸರು ಹೊಡೆದುಹಾಕಿದರು. "ಒಂದ ಮನಿ ಸಲುವಾಗಿ ಎಷ್ಟ ಹೊಯ್ದಾಡ್ತೀರಿ? ಉಳಿದವ್ರನ್ನ ನೋಡ್ರಿ" ಎಂದರು.

ನಾನು ಮತ್ತೆ ಶನಿವಾರ ಅಲ್ಲಿಗೆ ಹೋಗತೊಡಗಿದೆ. ಈಗ ಯಾರೂ ಬೇಡ ಎನ್ನಲಿಲ್ಲ. ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು, ಆ ವಾರ ತರಗತಿಯಲ್ಲಿ ಯಾವ ಪದ್ಯ ಆಯಿತು, ಯಾರು ಯಾರ ಜೊತೆ ಜಗಳವಾಡಿದರು, ಹೊಸ ನಕಾಶೆ ಬಂದದ್ದು, ಎಲ್ಲ ಹೇಳುತ್ತಿದ್ದೆ. ಮೊದಮೊದಲು ಕೂಸನ್ನು ತೊಡೆಯ ಮೇಲೆ ತೂಗುತ್ತ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದಳು. ಆಮೇಲೆ ಕೂಸಿನ ಕಡೆಯೇ ನೋಡುತ್ತಿದ್ದಳು. ಒಂದು ದಿನ ತರಗತಿಯ ತನ್ನ ಜಾಗದಲ್ಲಿ ಈಗ ಯಾರು ಕೂಡುತ್ತಾರೆಂದು ಕೇಳಿದಳು. ನಾನು ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಇನ್ನ ಹೇಳಬ್ಯಾಡ್ರಿ ಅಕ್ಕೋರ" ಎಂದಳು. "ನೀವು ಹೋದ ಮ್ಯಾಲ ನನಗ ಭಾಳ ಕೆಟ್ಟ ಅನಸ್ತೈತಿ."

ಆ ಚಳಿಗಾಲದಲ್ಲಿ ತಂದೆ ಇನ್ನೊಂದು ಲಗ್ನ ಮಾಡಿಕೊಂಡರು. ಹೊಸಬಳಿಗೆ ಬೇರೆಯವಳ ಕೂಸು ಬೇಡವಾಯಿತೋ, ಹಿರಿಯರೇ ಹಾಗೆ ತೀರ್ಮಾನಿಸಿದರೋ ತಿಳಿಯದು. ಕೂಸನ್ನೂ ಚಿಕ್ಕವಳನ್ನೂ ಕರಜಗಿಯ ಅಜ್ಜಿಯ ಮನೆಗೆ ಕಳಿಸಿದರು. ಹೋಗುವ ದಿನ ನನಗೆ ಯಾರೂ ಹೇಳಲಿಲ್ಲ. ಅಲ್ಲಿ ಶಾಲೆ ಇದೆಯೋ, ಇದ್ದರೆ ಹುಡುಗಿಯರನ್ನು ಕೂಡಿಸಿಕೊಳ್ಳುತ್ತಾರೋ ಎಂದು ಆ ಕಡೆಯಿಂದ ಬಂದವರನ್ನೆಲ್ಲ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು.

ಶನಿವಾರದ ಪದ್ಧತಿ ನಿಲ್ಲಲಿಲ್ಲ. ಮರುವಾರ ನಾನು ಬೇರೊಂದು ಓಣಿಯ ಎಣ್ಣೆ ವ್ಯಾಪಾರಿಯ ಮನೆಯಲ್ಲಿ ಕೂತಿದ್ದೆ. ಅವರ ಹುಡುಗಿ ಆ ವಾರ ಮೊದಲ ಸಲ ಒಂದು ಪುಟ ಪೂರ್ತಿ ತಾನೇ ಓದಿದ್ದಳು. ಓದಿ ಮುಗಿಸಿ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಳು.

"ನಮ್ಮಾಕಿ ಹ್ಯಾಂಗ ಅದಾಳ್ರಿ ಸಾಲ್ಯಾಗ?" ಎಂದು ಆ ತಾಯಿ ಕೇಳಿದಳು. ಅವಳ ಅತ್ತೆ ಒಳಗಿನ ಬಾಗಿಲಲ್ಲಿ ನಿಂತಿದ್ದರು.

"ದಿನಾ ಬರ್ತಾಳ್ರಿ" ಎಂದಷ್ಟೇ ಹೇಳಿ ಎದ್ದೆ.