ನಕ್ಷೆಯಲ್ಲಿಲ್ಲದ ಬಾವಿ

ನಾನು ಹುಟ್ಟಿದ ಊರು ತುಂಗಭದ್ರೆಯ ಹಿನ್ನೀರಿನ ಕೆಳಗಿದೆ. ಅಣೆಕಟ್ಟೆಯಾಗಿ ಊರು ಬಿಟ್ಟಾಗ ನಾನು ಅಕ್ಕನ ಸೊಂಟದ ಮೇಲಿದ್ದ ಕೂಸು. ಹಾಗಾಗಿ ಆ ಊರಿನ ಬಗ್ಗೆ ನನಗಿರುವ ನೆನಪೆಲ್ಲವೂ ಅಕ್ಕನದೇ: ಹೊಸ್ತಿಲು ದಾಟಿ ಹನ್ನೆರಡು ಹೆಜ್ಜೆ ನಡೆದರೆ ಸಿಗುತ್ತಿದ್ದ ಬಾವಿ, ಅದರ ಸಿಹಿನೀರು, ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದ ಅದರ ಕಟ್ಟೆ. ಕಂಪ್ಲಿಯ ಅವಳ ಮನೆಗೆ ನಾನು ಹೋಗುತ್ತಿದ್ದದ್ದೇ ಇದನ್ನು ಮತ್ತೆ ಮತ್ತೆ ಕೇಳುವುದಕ್ಕೆ.

ನನ್ನ ಶಾಲೆ ಮೂರನೆಯ ತರಗತಿಗೆ ನಿಂತಿತು. ಸಂಡೂರಿನ ಗಣಿಯೊಂದರ ಕಾಟಾದಲ್ಲಿ ಅದಿರಿನ ಲಾರಿಗಳನ್ನು ತೂಗುವ ಕೆಲಸಕ್ಕೆ ಸೇರಿದ ಮೇಲೆ ಓದನ್ನು ನಾನೇ ಕಲಿತೆ. ಚಾಲಕ ಹೇಳಿದ ತೂಕವನ್ನು ಎಂದೂ ಬರೆಯಲಿಲ್ಲ. ಮುಳ್ಳು ತೋರಿಸಿದ್ದನ್ನಷ್ಟೇ ಬರೆದೆ. ಹಂಪಿಯಲ್ಲಿ ಪ್ರವಾಸಿಗರಿಗೆ ಕಥೆ ಹೇಳುವವರನ್ನು ತಡೆದು ಆಧಾರ ಕೇಳಿ ಬೈಸಿಕೊಂಡಿದ್ದೇನೆ. ಅದಕ್ಕೆ ಪಶ್ಚಾತ್ತಾಪವಿಲ್ಲ.

ನಿವೃತ್ತನಾದ ಮೇಲೆ ಮುಳುಗಿದ ಊರಿನ ಹಳೆಯ ನಕ್ಷೆಯ ಪ್ರತಿಯೊಂದನ್ನು ಸಂಪಾದಿಸಿ, ಹಬ್ಬದ ಊಟದ ಹೊತ್ತಿಗೆ ಅಕ್ಕನ ಮೊಮ್ಮಕ್ಕಳ ಎದುರು ಬಿಡಿಸಿದೆ.

"ಅಕ್ಕಾ, ಇಲ್ನೋಡು. ಬಾವಿ ಊರ ಅಗಸಿ ಬಾಗ್ಲ ಹೊರಗ ಐತಿ. ಮನಿ ಮುಂದ ಎಲ್ಲಿ ಬಂತು?"

ಅವಳು ಹೋಳಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. "ಆ ನೀರು ನಾ ಹೊತ್ತೀನಿ. ನಿನ್ನ ಕಾಗದ ಎಷ್ಟು ಕೊಡ ಹೊತ್ತೈತಿ?"

ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. "ಆಗ ನೀನೂ ಸಣ್ಣಾಕಿ. ಕನಸು ಕಂಡಿರಬೇಕು."

"ಹಂಗಾರ ಇನ್ಮ್ಯಾಲೆ ಊರಿನ ಸುದ್ದಿ ಆ ಕಾಗದಾನ ಕೇಳಪ್ಪ."

ಅಂದಿನಿಂದ ಅವಳು ಮಳೆ, ಮಂಡಿನೋವು, ಭತ್ತದ ಪೈರು ಎಲ್ಲವನ್ನೂ ಮಾತಾಡಿದಳು. ಊರನ್ನು ಮಾತ್ರ ಎತ್ತಲಿಲ್ಲ. ನಾನು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಹೀಗೆ ವರ್ಷಗಳೇ ಕಳೆದವು. ಚಿತ್ತವಾಡ್ಗಿಯ ನನ್ನ ಕೋಣೆಯಲ್ಲಿ ನಕ್ಷೆ ಉಳಿಯಿತು, ಊರು ಹೋಯಿತು.

ಕಾಟಾದಲ್ಲಿ ದಿನದ ಮೊದಲ ಲಾರಿ ಏರುವ ಮುನ್ನ ತೂಕದ ಕಲ್ಲುಗಳನ್ನಿಟ್ಟು ಕಾಟಾವನ್ನೇ ಪರೀಕ್ಷಿಸುತ್ತಿದ್ದೆವು. ಅಕ್ಕನ ಮಾತನ್ನು ತೂಗಿದ ನಾನು ನಕ್ಷೆಯನ್ನು ಹಾಗೆ ಪರೀಕ್ಷಿಸಿರಲಿಲ್ಲ. ಅದನ್ನು ಬರೆದವರು ಯಾವುದನ್ನು ಗುರುತಿಸಲು ಬಂದಿದ್ದರು, ಯಾವುದನ್ನು ಬಿಟ್ಟುಹೋದರು ಎಂದು ಕೇಳಿಕೊಂಡಿರಲಿಲ್ಲ. ಅಚ್ಚಾದ ಗೆರೆಯೆಂಬ ಒಂದೇ ಕಾರಣಕ್ಕೆ ನಂಬಿದ್ದೆ.

ಈ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದಾಗ, ಮೀನುಗಾರನೊಬ್ಬನ ಜೊತೆ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಹೋದೆ. ಅಗಸಿಯ ಕಲ್ಲುಗಳ ಹೊರಗೆ ನಕ್ಷೆಯ ಬಾವಿ ಇತ್ತು. ಒಳಗೆ, ಮನೆಗಳ ತಳಪಾಯಗಳ ನಡುವೆ, ಹೂಳು ತುಂಬಿದ ಇನ್ನೊಂದು ಬಾವಿಯೂ ಇತ್ತು. ಅಲ್ಲಿಂದ ಎಲ್ಲ ದಿಕ್ಕಿಗೂ ಹನ್ನೆರಡು ಹೆಜ್ಜೆ ಅಳೆದೆ. ಅಷ್ಟೇ ದೂರದಲ್ಲಿ ಮೂರು ಮನೆಗಳ ತಳಪಾಯಗಳು ಸಿಕ್ಕವು. ನಮ್ಮದು ಯಾವುದೆಂದು, ಅಥವಾ ಅವುಗಳಲ್ಲಿ ನಮ್ಮದಿತ್ತೇ ಎಂದು, ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಕಂಪ್ಲಿಗೆ ಹೋಗುವ ಧೈರ್ಯ ಬರುವಷ್ಟರಲ್ಲಿ ಮಳೆಗಾಲ ಹಿಡಿದು, ಊರು ಮತ್ತೆ ನೀರಿನಡಿ ಸೇರಿತ್ತು.

"ಅಕ್ಕಾ, ಊರೊಳಗೂ ಒಂದು ಬಾವಿ ಐತಿ. ನಂದು ತಪ್ಪಾತು. ಆದ್ರ ಅದು ನೀ ಹೇಳಿದ್ದಾ ಅಂತ ಹೇಳಾಕ ಬರಂಗಿಲ್ಲ."

"ಅಷ್ಟು ದೂರ ನಡದು, ಪೂರಾ ಹೌದು ಅನ್ನಾಕ ಬಾಯಿ ಬರ್ಲಿಲ್ಲ ನಿನಗ!"

"ಸುಳ್ಳು ಹೇಳ್ಲೇನು?"

"ಬ್ಯಾಡ." ಅಕ್ಕಿ ಆರಿಸುತ್ತಿದ್ದ ಮೊರವನ್ನು ಅವಳು ಪಕ್ಕಕ್ಕಿಟ್ಟಳು. ನನ್ನತ್ತ ತಿರುಗಿ ಕೇಳಿದಳು: "ಲೇ ತಮ್ಮಾ, ಕಟ್ಟಿ ಮ್ಯಾಲ ಹಗ್ಗ ತಿಕ್ಕಿದ ಗೆರಿ ನೋಡಿದಿ? ಒಂದು ಗೆರಿ ಓರೆ ಇರಬೇಕು. ಅವ್ವ ಎಡಗೈಲೆ ಸೇದ್ತಿದ್ಲು."

ನಾನು ನೋಡಿರಲಿಲ್ಲ. ನನಗೆ ನಡಿಗೆ ಬರುವ ಮೊದಲೇ ತೀರಿಹೋದ ಅವ್ವ ಎಡಗೈಯವಳೆಂಬುದನ್ನು ಅಂದಿನವರೆಗೆ ನಾನು ಕೇಳಿಯೂ ಇರಲಿಲ್ಲ.

"ಎಲ್ಲಾನೂ ಅಳತಿ ಮಾಡಾಂವ, ಅದನ್ನ ಬಿಟ್ಟು ಬಂದ ನೋಡು!" ಎಂದು ಅಕ್ಕ ನಕ್ಕಳು.

ನಾನು ಗೋಡೆಗೆ ಒರಗಿ ಕುಳಿತೆ. "ಹೆಂಗ ಸೇದ್ತಿದ್ಲು, ಹೇಳು" ಎಂದೆ.